ಕೈ ಗುರುತಿಸುವ ಕಂಪ್ಯೂಟರ್ ಭಾಷೆಯನ್ನೂ ಗುರುತಿಸಬಲ್ಲದೇ? — ಓದುಗರ ಪ್ರಶ್ನೆಗಳಿಗೆ ಉತ್ತರ

ಕೈಸನ್ನೆಗಳನ್ನೂ ಕಿವುಡರ ಸಂಜ್ಞೆ ಭಾಷೆಯನ್ನೂ ಕಂಪ್ಯೂಟರ್ ಗುರುತಿಸುವ ಬಗೆಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವು ಪತ್ರಗಳು ತಂತ್ರಜ್ಞಾನದ ಕುತೂಹಲದಿಂದ ಬಂದಿವೆ, ಕೆಲವು ಮನೆಯ ಅಥವಾ ಕಚೇರಿಯ ಅಗತ್ಯದಿಂದ ಬಂದಿವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ. ದೀರ್ಘವಾದ ಪತ್ರಗಳನ್ನು ಅರ್ಥಕ್ಕೆ ಕುಂದಾಗದಂತೆ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ಕ್ಯಾಮೆರಾಕ್ಕೆ ಸಿಗುವುದು ಬಣ್ಣದ ಚುಕ್ಕೆಗಳು ಮಾತ್ರ. ಆ ಚುಕ್ಕೆಗಳಲ್ಲಿ ಇದು ಹೆಬ್ಬೆರಳು, ಇದು ಅಂಗೈ ಎಂದು ಕಂಪ್ಯೂಟರ್ ಹೇಗೆ ತೀರ್ಮಾನಿಸುತ್ತದೆ? ಹಿಂದೆ ಇದಕ್ಕಾಗಿ ವಿಶೇಷ ಕೈಗವಸು ತೊಡಬೇಕಾಗಿತ್ತು ಎಂದು ಓದಿದ ನೆನಪಿದೆ. (ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರು, ಶಿರಸಿ)

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಅಮೆರಿಕದ ವಿಪಿಎಲ್ ರಿಸರ್ಚ್ ಎಂಬ ಕಂಪನಿ 1987ರ ಹೊತ್ತಿಗೆ ಡೇಟಾಗ್ಲೌವ್ ಎಂಬ ಕೈಗವಸನ್ನು ರೂಪಿಸಿತ್ತು. ಅದರ ಒಂದೊಂದು ಬೆರಳಿನ ಬೆನ್ನಿನ ಮೇಲೂ ಬೆಳಕನ್ನು ಸಾಗಿಸುವ ಆಪ್ಟಿಕಲ್ ಫೈಬರ್ ಎಳೆಗಳು ಹಾಯುತ್ತಿದ್ದವು. ಬೆರಳು ಬಾಗಿದಾಗ ಎಳೆಯೊಳಗಿನ ಬೆಳಕು ಬಾಗಿದ ಕಡೆ ಸೋರಿ, ಇನ್ನೊಂದು ತುದಿಗೆ ತಲುಪುವ ಬೆಳಕು ಕಡಿಮೆಯಾಗುತ್ತಿತ್ತು. ಆ ಇಳಿಕೆಯನ್ನು ಅಳೆದು ಬೆರಳು ಎಷ್ಟು ಬಾಗಿದೆ ಎಂದು ಲೆಕ್ಕ ಹಾಕುತ್ತಿದ್ದರು. ಇಡೀ ಕೈ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂಬುದನ್ನು ಕಾಂತಕ್ಷೇತ್ರ ಆಧರಿಸಿದ ಬೇರೊಂದು ಸಾಧನ ತಿಳಿಸುತ್ತಿತ್ತು. ಅಂದರೆ ಆ ಕಾಲದ ಕಂಪ್ಯೂಟರ್ ಕೈಯನ್ನು ನೋಡುತ್ತಲೇ ಇರಲಿಲ್ಲ; ಕೈಗೆ ಕಟ್ಟಿದ ಅಳತೆಗೋಲುಗಳನ್ನು ಓದುತ್ತಿತ್ತು.

ಕ್ಯಾಮೆರಾದಿಂದಲೇ ಕೈಯನ್ನು ಹುಡುಕುವ ಮೊದಲ ಪ್ರಯತ್ನಗಳಲ್ಲಿ ಬಹಳಷ್ಟು ಚರ್ಮದ ಬಣ್ಣವನ್ನು ನೆಚ್ಚಿಕೊಂಡಿದ್ದವು. ನಿರ್ದಿಷ್ಟ ಬಣ್ಣದ ವ್ಯಾಪ್ತಿಯೊಳಗೆ ಬರುವ ಚುಕ್ಕೆಗಳೆಲ್ಲ ಕೈ, ಉಳಿದವು ಹಿನ್ನೆಲೆ ಎಂಬ ಈ ವಿಧಾನ, ದೀಪ ಬದಲಾದರೆ, ಹಿಂದೆ ಮರದ ಬಾಗಿಲಿದ್ದರೆ ಅಥವಾ ಎದುರು ನಿಂತವರ ಮೈಬಣ್ಣ ಪ್ರಯೋಗಾಲಯದವರ ಮೈಬಣ್ಣಕ್ಕಿಂತ ಬೇರೆಯಾಗಿದ್ದರೆ ಕೈಕೊಡುತ್ತಿತ್ತು. 2010ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಕಿನೆಕ್ಟ್ ಎಂಬ ಕ್ಯಾಮೆರಾ ಸಾಧನ ಬಣ್ಣದ ಜೊತೆಗೆ ಆಳವನ್ನೂ ಅಳೆಯಿತು. ಅದು ಕಣ್ಣಿಗೆ ಕಾಣದ ಅವಕೆಂಪು ಚುಕ್ಕೆಗಳ ವಿನ್ಯಾಸವೊಂದನ್ನು ಕೋಣೆಯ ಮೇಲೆ ಚೆಲ್ಲಿ, ಆ ವಿನ್ಯಾಸ ಎಲ್ಲೆಲ್ಲಿ ಎಷ್ಟು ಸರಿದಿದೆ ಎಂಬುದರಿಂದ ವಸ್ತುಗಳ ದೂರವನ್ನು ಕಂಡುಕೊಳ್ಳುತ್ತಿತ್ತು. ಸೂರ್ಯನ ಬೆಳಕಿನಲ್ಲಿಯೂ ಅವಕೆಂಪು ಕಿರಣಗಳು ಹೇರಳವಾಗಿರುವುದರಿಂದ ಹೊರಾಂಗಣದಲ್ಲಿ ಆ ವಿನ್ಯಾಸ ಮುಳುಗಿಹೋಗುತ್ತಿತ್ತು. ಜೊತೆಗೆ, ಮೊಣಕೈ ಮೊಣಕಾಲುಗಳನ್ನು ಗುರುತಿಸುವಷ್ಟು ಸೂಕ್ಷ್ಮತೆ ಅದಕ್ಕಿತ್ತೇ ಹೊರತು ಬೆರಳುಗಳನ್ನು ಬಿಡಿಬಿಡಿಯಾಗಿ ಕಾಣುವಷ್ಟು ಇರಲಿಲ್ಲ.

ಇಂದು ಸಾಮಾನ್ಯ ಮೊಬೈಲ್ ಕ್ಯಾಮೆರಾವೇ ಸಾಕಾಗುವುದಕ್ಕೆ ಕಾರಣ, ಉದಾಹರಣೆಗಳಿಂದ ತಾವಾಗಿ ಕಲಿಯುವ ನ್ಯೂರಲ್ ನೆಟ್‌ವರ್ಕ್‌ಗಳು. ಗೂಗಲ್ 2019ರಲ್ಲಿ ಎಲ್ಲರ ಬಳಕೆಗೆ ಮುಕ್ತವಾಗಿ ನೀಡಿದ ಮೀಡಿಯಾಪೈಪ್ ಎಂಬ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಮೊದಲು ಚಿತ್ರದಲ್ಲಿ ಅಂಗೈಯನ್ನು ಮಾತ್ರ ಹುಡುಕುತ್ತದೆ. ಬೆರಳುಗಳು ನೂರು ರೀತಿಯಲ್ಲಿ ಮಡಚಿಕೊಳ್ಳುತ್ತವೆ, ಅಂಗೈ ಅಷ್ಟಾಗಿ ಆಕಾರ ಬದಲಿಸುವುದಿಲ್ಲ. ಆದ್ದರಿಂದ ಅದನ್ನು ಹುಡುಕುವುದು ಸುಲಭ. ಅಂಗೈ ಸಿಕ್ಕ ಮೇಲೆ ಆ ಭಾಗವನ್ನಷ್ಟೇ ಕತ್ತರಿಸಿಕೊಂಡು, ಎರಡನೆಯ ನೆಟ್‌ವರ್ಕ್ ಅದರಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ. ಮಣಿಕಟ್ಟಿಗೆ ಒಂದು, ಪ್ರತಿ ಬೆರಳಿನ ಗೆಣ್ಣು ಮತ್ತು ತುದಿಗಳಿಗೆ ನಾಲ್ಕು ನಾಲ್ಕರಂತೆ ಐದು ಬೆರಳುಗಳಿಗೆ ಇಪ್ಪತ್ತು. ಇದನ್ನು ಕಲಿಸಲು ಸುಮಾರು 30,000 ನೈಜ ಛಾಯಾಚಿತ್ರಗಳ ಮೇಲೆ ಮನುಷ್ಯರೇ ಕುಳಿತು ಈ ಬಿಂದುಗಳನ್ನು ಗುರುತು ಮಾಡಿಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ರಚಿಸಿದ ಕೃತಕ ಕೈಗಳ ಚಿತ್ರಗಳನ್ನೂ ಸೇರಿಸಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಒಂದು ಕೈ ಇನ್ನೊಂದರ ಹಿಂದೆ ಭಾಗಶಃ ಮರೆಯಾದರೂ ತಂತ್ರಾಂಶ 21 ಬಿಂದುಗಳನ್ನೂ ಬರೆದೇ ಕೊಡುತ್ತದೆ. ಕಾಣದ ಬೆರಳಿನ ಜಾಗವನ್ನು ಅದು ಊಹಿಸಿರುತ್ತದೆ. ವೇಗವಾಗಿ ಚಲಿಸುವ ಕೈ ಚಿತ್ರದಲ್ಲಿ ಮಸುಕಾದಾಗಲೂ ಹೀಗೆಯೇ ಆಗುತ್ತದೆ. ಹೆಬ್ಬೆರಳು ಎತ್ತಿ ಒಪ್ಪಿಗೆ ಸೂಚಿಸುವಂತಹ ಸರಳ ಸನ್ನೆಗೆ ಇದರಿಂದ ತೊಂದರೆಯಿಲ್ಲ. ಎರಡು ಕೈಗಳು ಒಂದನ್ನೊಂದು ಮುಟ್ಟಿ, ತಟ್ಟಿ, ಹಾದುಹೋಗುವ ಭಾಷೆಗೆ ಇದು ದೊಡ್ಡ ತೊಡಕು.

ಪ್ರಶ್ನೆ: ನಾವು ನಾಲ್ವರು ಸೇರಿ ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಬೆರಳಿನ ಬಾಗನ್ನು ಅಳೆಯುವ ಫ್ಲೆಕ್ಸ್ ಸೆನ್ಸರ್‌ಗಳಿರುವ ಕೈಗವಸು ಮಾಡಿದ್ದೇವೆ. ಇಂಗ್ಲಿಷಿನ 26 ಅಕ್ಷರಗಳ ಸನ್ನೆಗಳನ್ನು ಅದು ಬಹುತೇಕ ತಪ್ಪಿಲ್ಲದೆ ಗುರುತಿಸಿ ಗಟ್ಟಿಯಾಗಿ ಹೇಳುತ್ತದೆ. ಆದರೆ ಕಿವುಡರ ಶಾಲೆಗೆ ಒಯ್ದು ತೋರಿಸಿದಾಗ ಅಲ್ಲಿಯ ವಿದ್ಯಾರ್ಥಿಗಳು ಆಸಕ್ತಿ ತೋರಲಿಲ್ಲ, ಒಬ್ಬರ ಕೈಯಲ್ಲಿ ಅದು ಸರಿಯಾಗಿ ಕೆಲಸವನ್ನೂ ಮಾಡಲಿಲ್ಲ. ನಮ್ಮ ಕೆಲಸದಲ್ಲಿ ಕೊರತೆ ಎಲ್ಲಿದೆ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಪ್ರಾಜೆಕ್ಟನ್ನು ಶಾಲೆಗೆ ಒಯ್ದು ತೋರಿಸಿದ್ದೇ ಒಳ್ಳೆಯ ಕೆಲಸ, ಏಕೆಂದರೆ ಇಂತಹ ಅನೇಕ ಪ್ರಾಜೆಕ್ಟ್‌ಗಳು ಕಾಲೇಜಿನ ಪ್ರದರ್ಶನದ ಮೇಜಿನಿಂದ ಆಚೆಗೆ ಹೋಗುವುದೇ ಇಲ್ಲ. ವಿದ್ಯಾರ್ಥಿಗಳ ನಿರಾಸಕ್ತಿಯನ್ನು ಅತಿ ಮುಖ್ಯವಾದ ಪರೀಕ್ಷಾ ಫಲಿತಾಂಶವೆಂದು ದಯವಿಟ್ಟು ಪರಿಗಣಿಸಿ.

ನಿಮ್ಮ ಕೈಗವಸು ಗುರುತಿಸುತ್ತಿರುವುದು ಬೆರಳಕ್ಷರಗಳನ್ನು, ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದರಂತೆ ಮಾಡುವ ಸನ್ನೆಗಳನ್ನು. ಕಿವುಡರು ಪರಸ್ಪರ ಮಾತನಾಡುವಾಗ ಬೆರಳಕ್ಷರಗಳನ್ನು ಬಳಸುವುದು ಮುಖ್ಯವಾಗಿ ವ್ಯಕ್ತಿಯ ಹೆಸರು, ಊರಿನ ಹೆಸರು, ಇನ್ನೂ ಸಂಜ್ಞೆ ರೂಢಿಯಾಗದ ಪಾರಿಭಾಷಿಕ ಪದ ಮುಂತಾದವುಗಳಿಗೆ. ಉಳಿದ ಮಾತೆಲ್ಲ ಪೂರ್ಣ ಸಂಜ್ಞೆಗಳಲ್ಲಿ ನಡೆಯುತ್ತದೆ. ಅಲ್ಲದೆ ಭಾರತದಲ್ಲಿ ರೂಢಿಯಲ್ಲಿರುವ ಬೆರಳಕ್ಷರಗಳಲ್ಲಿ ಹೆಚ್ಚಿನವು ಎರಡು ಕೈಗಳವು. ಒಂದೇ ಕೈಯ ಅಕ್ಷರಮಾಲೆ ಅಮೆರಿಕದ್ದು. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಚಿತ್ರಗಳು ಅದರವೇ ಆಗಿರುವುದರಿಂದ ಪ್ರಾಜೆಕ್ಟ್‌ಗಳಲ್ಲಿ ಅದೇ ಬಂದುಬಿಡುತ್ತದೆ. ನಿಮ್ಮದು ಒಂದೇ ಕೈಗವಸಾಗಿದ್ದರೆ, ನೀವು ಭೇಟಿಯಾದ ವಿದ್ಯಾರ್ಥಿಗಳ ಅಕ್ಷರಮಾಲೆಯೇ ಅದರಲ್ಲಿ ಇಲ್ಲದಿರುವ ಸಾಧ್ಯತೆ ಹೆಚ್ಚು.

ಇದಕ್ಕಿಂತ ಆಳವಾದ ಕೊರತೆಯೊಂದಿದೆ. ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ವಿಲಿಯಂ ಸ್ಟೋಕಿ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಕಿವುಡರ ಸಂಜ್ಞೆಗಳು ಒಡೆಯಲಾಗದ ಇಡೀ ಚಿತ್ರಗಳಲ್ಲ, ಅವು ಕೈಯ ಆಕಾರ, ಕೈ ಇರುವ ಸ್ಥಾನ, ಕೈಯ ಚಲನೆ ಎಂಬ ಅಂಗಗಳಿಂದ ಕೂಡಿದವು ಎಂದು ತೋರಿಸಿದರು. ಮಾತಿನ ಭಾಷೆಯಲ್ಲಿ ಧ್ವನಿಗಳು ಸೇರಿ ಪದವಾಗುವಂತೆ ಇಲ್ಲಿ ಈ ಅಂಗಗಳು ಸೇರಿ ಪದವಾಗುತ್ತವೆ, ಒಂದು ಅಂಗ ಬದಲಾದರೆ ಪದವೇ ಬದಲಾಗಬಹುದು. ಅಂಗೈ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನೂ, ಮುಖ ಮತ್ತು ತಲೆಯ ಚಲನೆಗಳನ್ನೂ ಮುಂದಿನ ಸಂಶೋಧಕರು ಈ ಪಟ್ಟಿಗೆ ಸೇರಿಸಿದರು. ಈಗ ನಿಮ್ಮ ಕೈಗವಸನ್ನು ಈ ಪಟ್ಟಿಯ ಎದುರಿಗಿಟ್ಟು ನೋಡಿ. ಅದಕ್ಕೆ ತಿಳಿಯುವುದು ಬೆರಳುಗಳ ಬಾಗು, ಅಂದರೆ ಕೈಯ ಆಕಾರ ಮಾತ್ರ. ಕೈ ಹಣೆಯ ಬಳಿ ಇದೆಯೋ ಎದೆಯ ಬಳಿ ಇದೆಯೋ ಅದಕ್ಕೆ ಗೊತ್ತಿಲ್ಲ. ಹುಬ್ಬು ಏರಿತೋ ಇಲ್ಲವೋ ಎಂಬುದು ಯಾವ ಕೈಗವಸಿಗೂ ಗೊತ್ತಾಗುವಂತಿಲ್ಲ.

ಹುಬ್ಬಿನ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಭಾರತೀಯ ಸಂಜ್ಞೆ ಭಾಷೆಯಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಯನ್ನು ಹೇಳಿಕೆಯಿಂದ ಬೇರ್ಪಡಿಸುವುದು ಹಲವು ಬಾರಿ ಮುಖಭಾವ ಮತ್ತು ತಲೆಯ ನಿಲುವೇ. ಕೈಗಳು ಅವೇ ಸಂಜ್ಞೆಗಳನ್ನು ಅದೇ ಕ್ರಮದಲ್ಲಿ ಮಾಡುತ್ತಿದ್ದರೂ, ಹುಬ್ಬು ಏರಿ ತಲೆ ತುಸು ಮುಂದೆ ಬಾಗಿದರೆ ‘ಅವನು ಊಟ ಮಾಡಿದ’ ಎಂಬುದು ‘ಅವನು ಊಟ ಮಾಡಿದನೇ’ ಎಂದಾಗುತ್ತದೆ. ಆಸ್ಪತ್ರೆಯಲ್ಲೋ ನ್ಯಾಯಾಲಯದಲ್ಲೋ ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ. ಇನ್ನು ಸ್ಥಳದ ಬಳಕೆ. ಮಾತಿನ ಆರಂಭದಲ್ಲಿ ಅಣ್ಣನನ್ನು ಬಲಗಡೆಯ ಗಾಳಿಯಲ್ಲಿಯೂ ತಂಗಿಯನ್ನು ಎಡಗಡೆಯಲ್ಲಿಯೂ ‘ಇರಿಸಿ’, ಆಮೇಲೆ ಕೊಡುವ ಸಂಜ್ಞೆಯನ್ನು ಬಲದಿಂದ ಎಡಕ್ಕೆ ಚಲಿಸಿದರೆ ಅಣ್ಣ ತಂಗಿಗೆ ಕೊಟ್ಟನೆಂದು ಅರ್ಥ, ಎಡದಿಂದ ಬಲಕ್ಕೆ ಚಲಿಸಿದರೆ ತಂಗಿ ಅಣ್ಣನಿಗೆ ಕೊಟ್ಟಳೆಂದು ಅರ್ಥ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾಡುವ ಕೆಲಸವನ್ನು ಇಲ್ಲಿ ಚಲನೆಯ ದಿಕ್ಕು ಮಾಡುತ್ತದೆ.

ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ನಿಮ್ಮ ಸಾಧನ ಸೋತದ್ದಕ್ಕೆ ಬೇರೊಂದು ಕಾರಣವಿರಬೇಕು. ತರಬೇತಿಗೂ ಪರೀಕ್ಷೆಗೂ ನೀವು ನಾಲ್ವರ ಕೈಗಳನ್ನೇ ಬಳಸಿದ್ದೀರಿ ಎಂದು ಪತ್ರದಿಂದ ಊಹಿಸುತ್ತೇವೆ. ಆಗ ಸಿಗುವ ಉತ್ತಮ ಫಲಿತಾಂಶ ನಿಮ್ಮ ಕೈಗಳ ಮಟ್ಟಿಗೆ ಮಾತ್ರ ಸತ್ಯ. ಈ ಕ್ಷೇತ್ರದಲ್ಲಿ ಗಂಭೀರವಾಗಿ ಕೆಲಸ ಮಾಡುವವರು ತರಬೇತಿಯಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದ ವ್ಯಕ್ತಿಗಳ ಮೇಲೆ ಪರೀಕ್ಷೆ ನಡೆಸಿ, ಆ ಅಂಕಿಯನ್ನು ಪ್ರತ್ಯೇಕವಾಗಿ ವರದಿ ಮಾಡುತ್ತಾರೆ. ಅದು ಸಾಮಾನ್ಯವಾಗಿ ಮೊದಲಿನದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ, ಆದರೆ ನಂಬಬಹುದಾದದ್ದು ಅದೇ.

2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಸೈನ್‌ಅಲೌಡ್ ಎಂಬ, ಸಂಜ್ಞೆಗಳನ್ನು ಮಾತಾಗಿಸುವ ಕೈಗವಸುಗಳಿಗಾಗಿ 10,000 ಡಾಲರ್‌ಗಳ ಬಹುಮಾನ ಪಡೆದರು, ಸುದ್ದಿ ಜಗತ್ತಿನಾದ್ಯಂತ ಹರಡಿತು. ಕಿವುಡ ಸಮುದಾಯದವರೂ ಭಾಷಾವಿಜ್ಞಾನಿಗಳೂ ಎತ್ತಿದ ಆಕ್ಷೇಪಗಳು ಅಷ್ಟು ದೂರ ಹರಡಲಿಲ್ಲ. ಮುಖವನ್ನು ಬಿಟ್ಟ ಸಾಧನ ವ್ಯಾಕರಣವನ್ನೇ ಬಿಟ್ಟಂತೆ ಎಂಬುದು ಒಂದು ಆಕ್ಷೇಪ. ಸಂವಹನದ ಇಡೀ ಹೊರೆಯನ್ನು ಕಿವುಡರ ಕೈಗೇ ತೊಡಿಸಿ, ಕೇಳಿಸಿಕೊಳ್ಳಬಲ್ಲವರನ್ನು ಎಲ್ಲ ಪ್ರಯತ್ನದಿಂದ ಮುಕ್ತಗೊಳಿಸುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಆಕ್ಷೇಪ ನಮಗೆ ಹೆಚ್ಚು ತೂಕದ್ದೆಂದು ತೋರುತ್ತದೆ. ಕೈಗವಸು ಕಿವುಡರ ಮಾತನ್ನು ಇತರರಿಗೆ ಕೇಳಿಸಬಹುದು, ಆದರೆ ಇತರರು ಕೊಡುವ ಉತ್ತರ ಕಿವುಡರಿಗೆ ತಲುಪುವ ದಾರಿಯನ್ನು ಅದು ಒದಗಿಸುವುದಿಲ್ಲ.

ಇನ್ನೂ ಸಮಯವಿದ್ದರೆ ಪ್ರಾಜೆಕ್ಟನ್ನು ಹೀಗೆ ತಿರುಗಿಸಿ ನೋಡಿ: ಅದೇ ಶಾಲೆಗೆ ಮತ್ತೆ ಹೋಗಿ, ಈ ಬಾರಿ ಸಾಧನವಿಲ್ಲದೆ, ಒಬ್ಬ ದುಭಾಷಿಯ ನೆರವಿನಿಂದ ಅಲ್ಲಿಯ ಹಿರಿಯ ವಿದ್ಯಾರ್ಥಿಗಳಿಗೆ ದಿನನಿತ್ಯ ಎಲ್ಲಿ ತೊಡಕಾಗುತ್ತದೆ ಎಂದು ಕೇಳಿ. ಸಂಜ್ಞೆ ಕಲಿಯುವ, ಕಿವಿ ಕೇಳಿಸುವ ಜನರಿಗೆ ತಮ್ಮ ಕೈ ಸರಿಯಾಗಿ ನಿಂತಿದೆಯೇ ಎಂದು ತಿಳಿಸುವ ತಂತ್ರಾಂಶ, ಅಥವಾ ಕಂಡ ಸಂಜ್ಞೆಯೊಂದನ್ನು ಮಾಡಿ ತೋರಿಸಿ ಅದರ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ವ್ಯವಸ್ಥೆ, ನಿಮ್ಮಂತಹ ಸಣ್ಣ ತಂಡದಿಂದಲೂ ಆಗುವ ಕೆಲಸಗಳು. ಅಲ್ಲಿ ಯಂತ್ರ ತಪ್ಪಿದರೂ ಯಾರ ಮಾತೂ ತಿರುಚಿಹೋಗುವುದಿಲ್ಲ.

ಪ್ರಶ್ನೆ: ಸಂಜ್ಞೆ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲವೇ? ಒಂದೇ ಆಗಿದ್ದರೆ ಅಮೆರಿಕದಲ್ಲಿ ಸಿದ್ಧವಾದ ತಂತ್ರಾಂಶವನ್ನೇ ನಾವು ಬಳಸಬಹುದಲ್ಲ. ಕನ್ನಡಕ್ಕೆ ಪ್ರತ್ಯೇಕ ಸಂಜ್ಞೆ ಭಾಷೆ ಇದೆಯೇ? (ನಿವೃತ್ತ ಶಿಕ್ಷಕರು, ಕುಂದಾಪುರ)

ಉತ್ತರ: ಒಂದೇ ಅಲ್ಲ. ಇಂಗ್ಲೆಂಡಿನವರೂ ಅಮೆರಿಕದವರೂ ಆಡುವುದು ಇಂಗ್ಲಿಷಾದರೂ ಆ ಎರಡು ದೇಶಗಳ ಕಿವುಡರು ಒಬ್ಬರ ಸಂಜ್ಞೆ ಭಾಷೆಯನ್ನು ಇನ್ನೊಬ್ಬರು ಸಲೀಸಾಗಿ ತಿಳಿಯಲಾರರು. 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಆರಂಭವಾದ ಕಿವುಡರ ಶಾಲೆಗೆ ಪ್ಯಾರಿಸ್ಸಿನಿಂದ ಬಂದ ಲೋರಾಂ ಕ್ಲೇರ್ ಎಂಬ ಕಿವುಡ ಶಿಕ್ಷಕರ ಮೂಲಕ ಅಮೆರಿಕದ ಸಂಜ್ಞೆ ಭಾಷೆ ಇಂಗ್ಲೆಂಡಿನದರ ಬದಲು ಫ್ರಾನ್ಸಿನದರೊಂದಿಗೆ ನಂಟು ಬೆಳೆಸಿಕೊಂಡಿತು.

ಕನ್ನಡದ ಕೈರೂಪ ಎಂಬಂತಹ ಪ್ರತ್ಯೇಕ ಭಾಷೆ ಇಲ್ಲ. ಕರ್ನಾಟಕದ ಕಿವುಡರು ಬಳಸುವುದು ಭಾರತೀಯ ಸಂಜ್ಞೆ ಭಾಷೆಯನ್ನು, ಅದರ ಪ್ರಾದೇಶಿಕ ರೂಪಭೇದಗಳೊಂದಿಗೆ. 1970ರ ದಶಕದ ಕೊನೆಯಲ್ಲಿ ಸಂಶೋಧಕರಾದ ಮದನ್ ವಸಿಷ್ಠ ಮತ್ತು ಜೇಮ್ಸ್ ವುಡ್‌ವರ್ಡ್ ಅವರ ತಂಡ ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಬೆಂಗಳೂರುಗಳ ಸಂಜ್ಞೆಗಳನ್ನು ಹೋಲಿಸಿ, ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು ಪರಸ್ಪರ ಸಂಬಂಧವುಳ್ಳವು ಎಂದು ಕಂಡುಕೊಂಡಿತು. ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮ ಸಾಮಾನ್ಯ; ಏನು, ಎಲ್ಲಿ, ಯಾರು ಎಂಬ ಪ್ರಶ್ನೆಯ ಸಂಜ್ಞೆ ಕೊನೆಯಲ್ಲಿ ಬರುತ್ತದೆ. ಆದ್ದರಿಂದ ಅಮೆರಿಕದ ದೃಶ್ಯಗಳಿಂದ ಕಲಿತ ಮಾದರಿ ಪದದಲ್ಲಿಯೂ ವಾಕ್ಯದಲ್ಲಿಯೂ ನಮ್ಮವರ ಎದುರು ತಪ್ಪುತ್ತದೆ.

ಪ್ರಶ್ನೆ: ಭರತನಾಟ್ಯದ ಹಸ್ತಗಳನ್ನು ಇದೇ ತಂತ್ರದಿಂದ ಗುರುತಿಸಬಹುದೇ? (ನೃತ್ಯ ಶಿಕ್ಷಕಿ, ಮೈಸೂರು)

ಉತ್ತರ: ಆಕಾರವನ್ನು ಗುರುತಿಸಬಹುದು. ತರಗತಿಯಲ್ಲಿ ಮೊದಲಿಗೆ ಕಲಿಸುವ 28 ಅಸಂಯುತ ಹಸ್ತಗಳು ಒಂದು ಕೈಯ ಸ್ಥಿರ ಆಕಾರಗಳಾದ್ದರಿಂದ ಮೇಲೆ ಹೇಳಿದ 21 ಬಿಂದುಗಳೇ ಬಹುಪಾಲು ಸಾಕಾಗುತ್ತವೆ. ಎರಡು ಕೈಗಳು ಸೇರುವ ಸಂಯುತ ಹಸ್ತಗಳಲ್ಲಿ ಒಂದು ಕೈ ಇನ್ನೊಂದನ್ನು ಮರೆಮಾಡುವುದರಿಂದ ತಪ್ಪುಗಳು ಹೆಚ್ಚುತ್ತವೆ. ವಿನಿಯೋಗ, ಅಂದರೆ ಹಸ್ತವನ್ನು ಯಾವ ಅರ್ಥಕ್ಕೆ ಬಳಸಿದ್ದಾರೆ ಎಂಬುದು ಮಾತ್ರ ಯಂತ್ರದ ಕೈಗೆ ಸಿಗುವುದು ಕಷ್ಟ: ಒಂದೇ ಪತಾಕ ಹಸ್ತ ಮೋಡವೂ ಆಗುತ್ತದೆ, ಕಾಡೂ ಆಗುತ್ತದೆ, ನದಿಯೂ ಆಗುತ್ತದೆ, ಯಾವುದೆಂಬುದನ್ನು ಸಾಹಿತ್ಯ, ದೃಷ್ಟಿ ಮತ್ತು ಅಭಿನಯಗಳು ನಿರ್ಧರಿಸುತ್ತವೆ.

ಪ್ರಶ್ನೆ: ನಾನು ಮಾತಿನ ತಂತ್ರಜ್ಞಾನದಲ್ಲಿ ಕೆಲಸ ಮಾಡುತ್ತೇನೆ. ಈಗ ಕನ್ನಡದಲ್ಲಿ ಮಾತನಾಡಿದ್ದನ್ನು ಫೋನ್ ತಕ್ಷಣ ಬರಹಕ್ಕಿಳಿಸುತ್ತದೆ, ಬೇರೆ ಭಾಷೆಗೂ ಅನುವಾದಿಸುತ್ತದೆ. ಸಂಜ್ಞೆ ಭಾಷೆಯಲ್ಲಿ ಇಷ್ಟು ಹಿಂದುಳಿಯಲು ಕಾರಣವೇನು? (ತಂತ್ರಾಂಶ ಎಂಜಿನಿಯರ್, ಬೆಂಗಳೂರು)

ಉತ್ತರ: ಪ್ರಯತ್ನದ ಕೊರತೆ ಕಾರಣವಲ್ಲ. 1990ರ ದಶಕದ ಮಧ್ಯಭಾಗದಲ್ಲಿಯೇ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಥ್ಯಾಡ್ ಸ್ಟಾರ್ನರ್ ಮತ್ತು ಅಲೆಕ್ಸ್ ಪೆಂಟ್‌ಲೆಂಡ್, ಆಗ ಮಾತಿನ ಗುರುತಿಸುವಿಕೆಯಲ್ಲಿ ಬಳಕೆಯಲ್ಲಿದ್ದ ಹಿಡನ್ ಮಾರ್ಕೊವ್ ಮಾದರಿಗಳೆಂಬ ಸಂಭವನೀಯತೆಯ ಲೆಕ್ಕಾಚಾರವನ್ನು ಸಂಜ್ಞೆಗಳಿಗೆ ಅನ್ವಯಿಸಿದ್ದರು. 40 ಪದಗಳ ಆ ವ್ಯವಸ್ಥೆ, ಕ್ಯಾಮೆರಾ ಮೇಜಿನ ಮೇಲಿದ್ದಾಗ 92 ಶೇಕಡಾ ಪದಗಳನ್ನೂ, ಸಂಜ್ಞೆ ಮಾಡುವವರ ಟೊಪ್ಪಿಗೆಯಲ್ಲಿ ಕೆಳಮುಖವಾಗಿದ್ದಾಗ 98 ಶೇಕಡಾ ಪದಗಳನ್ನೂ ಸರಿಯಾಗಿ ಗುರುತಿಸಿತು. ಆದರೆ ವಾಕ್ಯಗಳ ರಚನೆ ಮೊದಲೇ ನಿಗದಿಯಾಗಿತ್ತು. ಆ ಬಿಗಿಯಾದ ಚೌಕಟ್ಟಿನಿಂದ ಸಹಜ ಸಂಭಾಷಣೆಗೆ ಬರುವ ದಾರಿಯಲ್ಲಿ ಮಾತಿನ ತಂತ್ರಜ್ಞಾನಕ್ಕೆ ಎದುರಾಗದ ಹಲವು ತಡೆಗಳಿವೆ.

ಮೊದಲನೆಯದು ಬರಹ. ನಿಮ್ಮ ಕ್ಷೇತ್ರದಲ್ಲಿ ಧ್ವನಿಮುದ್ರಿಕೆಯ ಪಕ್ಕದಲ್ಲಿ ಅದೇ ಭಾಷೆಯ ಲಿಪಿ ಇರುತ್ತದೆ. ಪುಸ್ತಕ, ಪತ್ರಿಕೆ, ಅಂತರ್ಜಾಲದ ಪುಟಗಳು ಯಂತ್ರಕ್ಕೆ ಭಾಷೆಯ ನಡೆಯನ್ನು ಬೇರೆಯಾಗಿಯೇ ಕಲಿಸುತ್ತವೆ. ಸಂಜ್ಞೆ ಭಾಷೆಗಳಿಗೆ ಜನಬಳಕೆಯ ಲಿಪಿ ಇಲ್ಲ. ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ರೂಪಿಸಿದ ಸಂಕೇತ ವ್ಯವಸ್ಥೆಯೊಂದಿದೆ, ಆದರೆ ಅದು ಸಂಶೋಧಕರ ಉಪಕರಣ. ಆದ್ದರಿಂದ ಒಂದೊಂದು ನಿಮಿಷದ ದೃಶ್ಯವನ್ನೂ ಭಾಷೆ ಬಲ್ಲವರು ನಿಧಾನವಾಗಿ ನೋಡಿ, ಇಲ್ಲಿಂದ ಇಲ್ಲಿಯವರೆಗೆ ಈ ಸಂಜ್ಞೆ ಎಂದು ಗುರುತು ಹಾಕಬೇಕು. ಆ ಗುರುತನ್ನೂ ಬೇರೆ ಭಾಷೆಯ ಪದದಲ್ಲಿಯೇ ಬರೆಯಬೇಕಾಗುವುದರಿಂದ ಮುಖಭಾವ, ವೇಗ, ಸ್ಥಳಗಳಲ್ಲಿರುವ ಅರ್ಥ ಅಲ್ಲಿಯೇ ಉದುರಿಹೋಗುತ್ತದೆ.

ಎರಡನೆಯದು ದತ್ತಾಂಶದ ಸ್ವರೂಪ. ಅನುವಾದದ ಸಂಶೋಧನೆಯಲ್ಲಿ ವರ್ಷಗಟ್ಟಲೆ ಅಳತೆಗೋಲಾಗಿದ್ದುದು ಜರ್ಮನಿಯ ಫೀನಿಕ್ಸ್ ಟಿವಿ ವಾಹಿನಿಯ ಹವಾಮಾನ ವರದಿಗಳು. ಆಖೆನ್ ನಗರದ ವಿಶ್ವವಿದ್ಯಾಲಯದವರು ಅವುಗಳಿಂದ ದತ್ತಾಂಶ ಸಂಗ್ರಹ ಕಟ್ಟಿದರು; ಸಂಜ್ಞೆಯಿಂದ ಜರ್ಮನ್ ವಾಕ್ಯಕ್ಕೆ ನೇರವಾಗಿ ಅನುವಾದಿಸುವ ಮೊದಲ ನ್ಯೂರಲ್ ನೆಟ್‌ವರ್ಕ್ ಮಾದರಿ 2018ರಲ್ಲಿ ಪ್ರಕಟವಾದದ್ದು ಇದನ್ನು ಆಧರಿಸಿಯೇ. ಅದರಲ್ಲಿರುವುದು ಒಂಬತ್ತು ಜನರು ಮಾಡಿದ ಸಂಜ್ಞೆಗಳು, ಎಂಟು ಸಾವಿರಕ್ಕೂ ತುಸು ಹೆಚ್ಚು ವಾಕ್ಯಗಳು, ವಿಷಯ ಮಳೆ ಗಾಳಿ ಬಿಸಿಲು. ಅವರು ಮಾಡುತ್ತಿದ್ದುದು ಸ್ವತಂತ್ರ ಮಾತಲ್ಲ, ಓದಲಾಗುತ್ತಿದ್ದ ಜರ್ಮನ್ ವರದಿಯ ಅನುವಾದ. ಮನೆಯಲ್ಲಿ ಇಬ್ಬರು ಕಿವುಡರು ಜಗಳವಾಡುವಾಗ, ಹಾಸ್ಯ ಮಾಡುವಾಗ ಬರುವ ಭಾಷೆ ಇದಲ್ಲ.

ನಮ್ಮ ದೇಶದ ಕೆಲಸವೂ ನಡೆದಿದೆ. ಐಐಟಿ ಮದ್ರಾಸಿನ ಸಂಶೋಧಕರು ಚೆನ್ನೈನ ಕಿವುಡರ ಶಾಲೆಯೊಂದರ ನೆರವಿನಿಂದ 2020ರಲ್ಲಿ ಇನ್‌ಕ್ಲೂಡ್ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಅದರಲ್ಲಿ 263 ಪದಗಳ 4,287 ದೃಶ್ಯತುಣುಕುಗಳಿವೆ. 2024ರಲ್ಲಿ ಐಐಟಿ ಕಾನ್ಪುರದ ಸಂಶೋಧಕರು ಐಸೈನ್ ಎಂಬ ಹೆಸರಿನಲ್ಲಿ, ಒಂದು ಲಕ್ಷದ ಹದಿನೆಂಟು ಸಾವಿರಕ್ಕೂ ಹೆಚ್ಚು ದೃಶ್ಯ ಮತ್ತು ಇಂಗ್ಲಿಷ್ ವಾಕ್ಯಗಳ ಜೋಡಿಗಳನ್ನು ಒದಗಿಸಿದರು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಜೋಡಿಯ ಇನ್ನೊಂದು ಬದಿ ಇಂಗ್ಲಿಷ್. ಕನ್ನಡಕ್ಕೆ ಬರಬೇಕಾದರೆ ಸಂಜ್ಞೆಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಎಂದು ಎರಡು ಬಾರಿ ಹಾಯಬೇಕು, ಮೊದಲ ಹಾದಿಯ ತಪ್ಪು ಎರಡನೆಯದರಲ್ಲಿ ಬೆಳೆಯುತ್ತದೆ.

ಮೂರನೆಯ ತಡೆ ಸಂಜ್ಞೆಗಳ ಹರಿವು. ಬಿಡಿ ಪದದ ತುಣುಕಿನಲ್ಲಿ ಕೈ ತೊಡೆಯ ಮೇಲಿಂದ ಎದ್ದು, ಸಂಜ್ಞೆ ಮಾಡಿ, ಮತ್ತೆ ತೊಡೆಗೆ ಮರಳುತ್ತದೆ. ವಾಕ್ಯದಲ್ಲಿ ಒಂದು ಸಂಜ್ಞೆ ಮುಗಿಯುವ ಮೊದಲೇ ಕೈ ಮುಂದಿನ ಸಂಜ್ಞೆಯ ಆಕಾರಕ್ಕೆ ಬದಲಾಗತೊಡಗುತ್ತದೆ; ಎರಡು ಕೈಗಳು ಏಕಕಾಲದಲ್ಲಿ ಬೇರೆಬೇರೆ ಸಂಗತಿಗಳನ್ನು ಹೇಳುತ್ತಿರಲೂಬಹುದು. ಬಿಡಿ ಪದಗಳಲ್ಲಿ ಸಿಕ್ಕ ಉತ್ತಮ ಫಲಿತಾಂಶವನ್ನು ನೋಡಿ ವಾಕ್ಯಗಳೂ ಸಾಧ್ಯವಾದವೆಂದು ಘೋಷಿಸುವ ಸುದ್ದಿಗಳನ್ನು ಎಚ್ಚರದಿಂದ ಓದಬೇಕು. ನಿಮ್ಮಂತಹವರು ಈ ಕ್ಷೇತ್ರಕ್ಕೆ ಬರುವುದಾದರೆ, ಕನ್ನಡ ಓದು ಬರಹ ಬಲ್ಲ ಕಿವುಡರನ್ನು ಸಂಬಳದ ಸಹೋದ್ಯೋಗಿಗಳಾಗಿ ಸೇರಿಸಿಕೊಂಡು ಸಂಜ್ಞೆ ಮತ್ತು ಕನ್ನಡ ವಾಕ್ಯಗಳ ನೇರ ಜೋಡಿಗಳನ್ನು ಕಟ್ಟುವುದು ಎಲ್ಲಕ್ಕಿಂತ ಅಗತ್ಯವಾದ ಕೆಲಸವೆಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ, ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮೊಬೈಲ್ ಎದುರು ಕೈಸನ್ನೆ ಮಾಡಿದರೆ ಅದು ಕನ್ನಡದಲ್ಲಿ ಮಾತನಾಡುವ ವಿಡಿಯೋ ಒಂದನ್ನು ಸಂಬಂಧಿಕರು ಕಳಿಸಿದ್ದಾರೆ. ಇನ್ನೆರಡು ವರ್ಷದಲ್ಲಿ ಎಲ್ಲ ಫೋನಿನಲ್ಲೂ ಇದು ಬರುತ್ತದೆ, ನೀವು ಕೈಭಾಷೆ ಕಲಿಯುವ ಶ್ರಮ ಬೇಡ ಎನ್ನುತ್ತಿದ್ದಾರೆ. ಕಾಯಬಹುದೇ? (ಗೃಹಿಣಿ, ತಿಪಟೂರು)

ಉತ್ತರ: ದಯವಿಟ್ಟು ಕಾಯಬೇಡಿ. ಈ ಸಂಚಿಕೆಯಲ್ಲಿ ನಾವು ಬೇರೆ ಯಾವ ಉತ್ತರವನ್ನೂ ಇಷ್ಟು ನಿಶ್ಚಯದಿಂದ ಕೊಟ್ಟಿಲ್ಲ.

ಆ ವಿಡಿಯೋದಲ್ಲಿ ಇರಬಹುದಾದದ್ದು ಮೊದಲೇ ಆರಿಸಿಕೊಂಡ ಕೆಲವು ಪದಗಳು ಅಥವಾ ವಾಕ್ಯಗಳು. ಅವುಗಳ ಆಚೆಗಿನ ಒಂದು ಮಾತು ಬಂದರೂ ಅಂತಹ ತಂತ್ರಾಂಶ ತನಗೆ ಗೊತ್ತಿರುವ ಪದಗಳಲ್ಲಿ ಒಂದನ್ನು ಆರಿಸಿ ಹೇಳಿಬಿಡುವ ಸಾಧ್ಯತೆ ಇರುತ್ತದೆ. ಅದು ಇಂದಿನ ಮಿತಿ, ಮುಂದೆ ಸುಧಾರಿಸೀತು. ಆದರೆ ಅದು ಪೂರ್ತಿ ಸುಧಾರಿಸಿದರೂ ನಿಮ್ಮ ಮಗಳ ಸಮಸ್ಯೆಯನ್ನು ಮುಟ್ಟುವುದಿಲ್ಲ. ಅನುವಾದಿಸುವ ಯಂತ್ರಕ್ಕೆ ಅನುವಾದಿಸಲು ಒಂದು ಭಾಷೆ ಬೇಕು. ಮಗುವಿಗೆ ಇನ್ನೂ ಯಾವ ಭಾಷೆಯೂ ಪೂರ್ಣವಾಗಿ ದಕ್ಕಿಲ್ಲದಿದ್ದರೆ, ಫೋನಿನ ಎದುರು ಅದು ಏನನ್ನು ಹೇಳೀತು? ಕೇಳಿಸಿಕೊಳ್ಳಬಲ್ಲ ಮಕ್ಕಳು ಸುತ್ತಲಿನ ಮಾತಿನಿಂದ ತಾವಾಗಿಯೇ ಭಾಷೆ ಪಡೆಯುತ್ತಾರೆ. ಕೇಳುವವರ ಮನೆಯಲ್ಲಿ ಹುಟ್ಟಿದ ಕಿವುಡ ಮಗುವಿಗೆ ಯಾರಾದರೂ ಕಣ್ಣಿಗೆ ಕಾಣುವಂತೆ ಭಾಷೆಯನ್ನು ತಂದುಕೊಡಬೇಕು. ಬಾಲ್ಯದ ಮೊದಲ ವರ್ಷಗಳಲ್ಲಿ ಯಾವುದೇ ಭಾಷೆಯ ಸಂಪರ್ಕ ಸಾಕಷ್ಟು ಸಿಗದಿದ್ದರೆ, ಆಮೇಲೆ ಓದು, ಲೆಕ್ಕ, ಬೇರೆ ಭಾಷೆಗಳ ಕಲಿಕೆ ಎಲ್ಲವೂ ಕಠಿಣವಾಗುತ್ತವೆ ಎಂಬುದು ಸಂಶೋಧನೆಗಳಿಂದ ದೃಢಪಟ್ಟಿದೆ. ಆರು ವರ್ಷದ ಮಗುವಿಗೆ ಇನ್ನೆರಡು ವರ್ಷ ಎಂಬುದು ಬಹಳ ದೊಡ್ಡ ಅವಧಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ಮಗಳನ್ನು ಅಲ್ಲಿ ತೋರಿಸಿಲ್ಲವಾದರೆ ಒಮ್ಮೆ ಕರೆದುಕೊಂಡು ಹೋಗಿ. ಶ್ರವಣ ಸಾಧನದಿಂದ ಎಷ್ಟು ಪ್ರಯೋಜನವಾದೀತು ಎಂಬುದನ್ನು ತಜ್ಞರು ತಿಳಿಸುತ್ತಾರೆ. ಸಂಜ್ಞೆ ಕಲಿತರೆ ಮಾತು ಬರುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ, ಎರಡೂ ಜೊತೆಯಲ್ಲಿ ಸಾಗಬಹುದು.

ಸಂಜ್ಞೆ ಕಲಿಯಲು ಈಗ ಸರ್ಕಾರದ ಉಚಿತ ಸಾಮಗ್ರಿ ಇದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ದೃಶ್ಯ ನಿಘಂಟನ್ನು ಹೊರತಂದಿತು, 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಸೈನ್ ಲರ್ನ್ ಎಂಬ ಆ್ಯಪ್‌ನಲ್ಲಿ ಇದನ್ನು ಫೋನಿನಲ್ಲಿಯೇ ನೋಡಬಹುದು. ಕೇಂದ್ರ ಸರ್ಕಾರದ ಪಿಎಂ ಇ-ವಿದ್ಯಾ ಎಂಬ ಶೈಕ್ಷಣಿಕ ಯೋಜನೆಯ 31ನೆಯ ಟಿವಿ ವಾಹಿನಿಯನ್ನು 2024ರ ಡಿಸೆಂಬರಿನಿಂದ ಸಂಜ್ಞೆ ಭಾಷೆಗಾಗಿ ಮೀಸಲಿಟ್ಟಿದ್ದಾರೆ. ಇವುಗಳಲ್ಲಿ ವಿವರಣೆ ಕನ್ನಡದಲ್ಲಿಲ್ಲದಿದ್ದರೂ ಕೈಯನ್ನು ನೋಡಿ ಕಲಿಯಬಹುದು. ಇವೆಲ್ಲಕ್ಕಿಂತ ಮಿಗಿಲಾದದ್ದು ಮನುಷ್ಯ ಸಂಪರ್ಕ: ತುಮಕೂರು ಅಥವಾ ಬೆಂಗಳೂರಿನ ಕಿವುಡರ ಶಾಲೆಯ ಮೂಲಕ ಸಂಜ್ಞೆ ಬಲ್ಲ ಕಿವುಡ ವಯಸ್ಕರ ಪರಿಚಯ ಮಾಡಿಕೊಂಡು, ಅವರು ನಿಮ್ಮ ಮಗಳೊಂದಿಗೆ ಆಗಾಗ ಕಾಲ ಕಳೆಯುವಂತೆ ಮಾಡಿ. ನೀವು, ನಿಮ್ಮ ಯಜಮಾನರು, ಅಜ್ಜಿ ತಾತ ಇದ್ದರೆ ಅವರೂ ದಿನಕ್ಕೆ ನಾಲ್ಕಾರು ಸಂಜ್ಞೆ ಕಲಿಯಿರಿ. ಊಟ, ನೀರು ಎಂಬ ಪದಗಳಲ್ಲಿ ನಿಲ್ಲಿಸದೆ, ಇಂದು ಶಾಲೆಯಲ್ಲಿ ಏನಾಯಿತು, ಯಾಕೆ ಬೇಸರ ಎಂದು ಕೇಳುವಷ್ಟಕ್ಕೆ ಬೇಗ ಬನ್ನಿ.

ಪ್ರಶ್ನೆ: ನಮ್ಮ ಬ್ಯಾಂಕ್ ಶಾಖೆಗೆ ಕಿವುಡ ಗ್ರಾಹಕರು ಬರುತ್ತಾರೆ. ಕೌಂಟರಿನಲ್ಲಿ ಕ್ಯಾಮೆರಾ ಇಟ್ಟು ಅವರ ಸಂಜ್ಞೆಯನ್ನು ಗುರುತಿಸುವ ವ್ಯವಸ್ಥೆ ಮಾಡಬೇಕೆಂಬ ಪ್ರಸ್ತಾಪವಿದೆ. ನಿಮ್ಮ ಸಲಹೆ ಏನು? (ಬ್ಯಾಂಕ್ ಅಧಿಕಾರಿ, ಕಲಬುರಗಿ)

ಉತ್ತರ: ಖಾತೆ ತೆರೆಯುವುದು, ಹಣ ಕಟ್ಟುವುದು, ಪಾಸ್‌ಬುಕ್ ಮುದ್ರಣ ಮುಂತಾದ ಸೀಮಿತ ಕೆಲಸಗಳಿಗೆ ಕೆಲವೇ ಸಂಜ್ಞೆಗಳನ್ನು ಗುರುತಿಸುವ ವ್ಯವಸ್ಥೆ ತಾಂತ್ರಿಕವಾಗಿ ಸಾಧ್ಯ. ಆದರೆ ಅಷ್ಟಕ್ಕೆ ಪರದೆಯ ಮೇಲೆ ಕನ್ನಡ ಬರಹ ಮತ್ತು ಚಿತ್ರಗಳಿರುವ ಗುಂಡಿಗಳೇ ಸಾಕು, ಕ್ಯಾಮೆರಾ ಬೇಕಿಲ್ಲ. ಗ್ರಾಹಕರಿಗೆ ನಿಜವಾಗಿ ನೆರವು ಬೇಕಾಗುವುದು ಸಾಲದ ಷರತ್ತು, ವಂಚನೆಯ ದೂರು, ನಾಮಿನಿ ವಿವಾದದಂತಹ ಮಾತುಕತೆಗಳಲ್ಲಿ. ಅಲ್ಲಿ ಇಂದಿನ ಯಂತ್ರಗಳನ್ನು ನಂಬುವಂತಿಲ್ಲ. ವಿಡಿಯೋ ಕರೆಯ ಮೂಲಕ ತರಬೇತಿ ಪಡೆದ ದುಭಾಷಿಯನ್ನು ಕೂಡಿಸುವ ಏರ್ಪಾಡು ಹೆಚ್ಚು ಉಪಯುಕ್ತ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂವಹನದ ವ್ಯಾಖ್ಯಾನದಲ್ಲಿಯೇ ಸಂಜ್ಞೆ ಭಾಷೆಯನ್ನು ಸೇರಿಸಿದೆ, ಆದ್ದರಿಂದ ಇದನ್ನು ಉಪಕಾರವೆಂದು ಭಾವಿಸದೆ ಸೇವೆಯ ಭಾಗವೆಂದೇ ಯೋಜಿಸಿ.

ಕ್ಯಾಮೆರಾ ಇಡುವುದೇ ಆದರೆ ಖಾಸಗಿತನದ ಪ್ರಶ್ನೆ ಬರುತ್ತದೆ. ಮುಖಭಾವ ವ್ಯಾಕರಣದ ಭಾಗವಾದ್ದರಿಂದ ಮುಖವನ್ನು ಮಸುಕುಗೊಳಿಸಿ ದೃಶ್ಯವನ್ನು ಉಳಿಸಿಕೊಳ್ಳಲಾಗುವುದಿಲ್ಲ. ಬಿಂದುಗಳನ್ನು ಮಾತ್ರ ಉಳಿಸಿಕೊಂಡರೂ ಚಲನೆಯ ಶೈಲಿಯಿಂದ ವ್ಯಕ್ತಿಯನ್ನು ಗುರುತಿಸುವ ಸಾಧ್ಯತೆ ಪೂರ್ತಿ ಅಳಿಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಒಪ್ಪಿಗೆಗೆ ಒತ್ತು ಕೊಡುತ್ತದೆ. ಆ ಒಪ್ಪಿಗೆಯ ನಮೂನೆಯನ್ನು ಸಂಜ್ಞೆ ಭಾಷೆಯ ದೃಶ್ಯವಾಗಿಯೂ ಕೊಡಬೇಕು. ಯಂತ್ರ ಏನನ್ನು ಗುರುತಿಸಿತೋ ಅದನ್ನು ಗ್ರಾಹಕರಿಗೆ ಪರದೆಯ ಮೇಲೆ ಮೊದಲು ತೋರಿಸಿ, ಅವರು ಸರಿ ಎಂದು ಒತ್ತಿದ ಮೇಲಷ್ಟೇ ಗುಮಾಸ್ತರ ಮೇಜಿಗೆ ಅದು ಹೋಗಬೇಕು. ಯಾವ ಹಂತದಲ್ಲಿಯಾದರೂ ಮನುಷ್ಯ ದುಭಾಷಿ ಬೇಕೆಂದು ಕೇಳುವ ಗುಂಡಿ ಅದೇ ಪರದೆಯಲ್ಲಿರಲಿ. ಸಾಧನವನ್ನು ಕೊಳ್ಳುವ ಮೊದಲು ನಿಮ್ಮ ಶಾಖೆಗೆ ಬರುವ ಕಿವುಡ ಗ್ರಾಹಕರನ್ನೇ ಕರೆದು, ಮಾರಾಟಗಾರರ ಪ್ರತಿನಿಧಿಯ ಬದಲು ಅವರಿಂದಲೇ ಅದನ್ನು ಪರೀಕ್ಷೆ ಮಾಡಿಸಿ, ಅವರು ಬೇಡವೆಂದರೆ ಆ ಹಣವನ್ನು ಸಿಬ್ಬಂದಿಗೆ ಸಂಜ್ಞೆ ಭಾಷೆಯ ತರಬೇತಿ ಕೊಡಿಸಲು ಬಳಸಿ.